ಬಾಟಾ, ಓಟಿ, ಗೌರವಧನ: ಮೇಲಿನ ದುಡಿಮೆಗೆ ಸಿಗುವ ದುಡ್ಡಿನ ಕಥೆ

ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಕಾರು ಬೇಕು ಅಂತ ಟ್ರಾವೆಲ್ಸ್‌ಗೆ ಫೋನ್ ಮಾಡಿ ನೋಡಿ. ಕಿಲೋಮೀಟರ್ ರೇಟು ಹೇಳಿದ ಮೇಲೆ ಇನ್ನೊಂದು ಮಾತು ಬಂದೇ ಬರುತ್ತದೆ: "ಡ್ರೈವರ್ ಬಾಟಾ ಬೇರೆ ಸಾರ್." ರಾತ್ರಿ ಗಾಡಿ ಓಡಿಸಿದರೆ ನೈಟ್ ಬಾಟಾ. ಸಿನಿಮಾ ಶೂಟಿಂಗ್‌ನಲ್ಲೂ ಈ ಮಾತಿದೆ. ಬಾಟಾ ಎಂದರೆ ಸಂಬಳ ಅಲ್ಲ, ಅದರ ಮೇಲಿನದು. ಊಟ-ತಿಂಡಿಗೆ, ನಿದ್ದೆ ಕೆಟ್ಟಿದ್ದಕ್ಕೆ ಅಂತ ಕೊಡುವ ದುಡ್ಡು. (ಸಂಬಳದ ಮೇಲಿನದು ಎಂದ ಕೂಡಲೇ ಗಿಂಬಳ ನೆನಪಾಗುತ್ತದೆ, ಆದರೆ ಅದು ಬೇರೆಯೇ ಕಥೆ.)

ಈ ಪದ ನಮ್ಮ ಗದ್ದೆಯಿಂದ ಹೋದದ್ದು ಎನ್ನುತ್ತದೆ 1886ರ ಆಂಗ್ಲೋ-ಇಂಡಿಯನ್ ನಿಘಂಟು 'ಹಾಬ್ಸನ್-ಜಾಬ್ಸನ್'. ಕನ್ನಡದ ಭತ್ತ ಪೋರ್ಚುಗೀಸರ ಬಾಯಲ್ಲಿ 'ಬಾತಾ' ಆಯಿತು. ಹೊಟ್ಟೆಪಾಡಿಗೆ ಕೊಡುವ ಭತ್ಯೆಗೂ ಅದೇ ಹೆಸರು ಬಂತು. ಈಸ್ಟ್ ಇಂಡಿಯಾ ಕಂಪನಿಯ ಕಾಲಕ್ಕೆ ಇದು ದಂಡು ಹೊರಟಾಗ ಸೈನಿಕರಿಗೆ ಕೊಡುವ ಹೆಚ್ಚಿನ ದುಡ್ಡಾಗಿತ್ತು.

ಈ ದುಡ್ಡಿಗಾಗಿ ನಡೆದ ಜಗಳಗಳು ಒಂದೆರಡಲ್ಲ. 1757ರಲ್ಲಿ ಕಂಪನಿ ಪ್ಲಾಸಿ ಕದನ ಗೆದ್ದ ಮೇಲೆ ಬಂಗಾಳದ ಹೊಸ ನವಾಬ ಮೀರ್ ಜಾಫರ್ ಕಂಪನಿಯ ಅಧಿಕಾರಿಗಳಿಗೆ ಡಬಲ್ ಬಾಟಾ ಕೊಡಿಸಿದ. ಅದೇ ರೂಢಿಯಾಯಿತು. 1766ರ ಜನವರಿಯಿಂದ ಬಂಗಾಳದ ಗವರ್ನರ್ ಕ್ಲೈವ್ ಅದನ್ನು ನಿಲ್ಲಿಸಿದಾಗ ಬಂಗಾಳದ ಬಿಳಿ ಅಧಿಕಾರಿಗಳು ಒಟ್ಟಿಗೆ ರಾಜೀನಾಮೆ ಕೊಡಲು ಸಂಚು ಹೂಡಿದರು. ಕ್ಲೈವ್ ಬಗ್ಗಲಿಲ್ಲ. ಸಂಚಿನಲ್ಲಿದ್ದ ಕರ್ನಲ್ ರಾಬರ್ಟ್ ಫ್ಲೆಚರ್‌ನನ್ನು ಸೇನಾ ನ್ಯಾಯಾಲಯ ಕೆಲಸದಿಂದಲೇ ಕಿತ್ತುಹಾಕಿತು. 1828ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಕಲ್ಕತ್ತಾ ಸುತ್ತಲಿನ ಕೆಲವು ಠಾಣ್ಯಗಳಲ್ಲಿ ಬಾಟಾವನ್ನು ಅರ್ಧಕ್ಕೆ ಇಳಿಸಿ ಅಧಿಕಾರಿಗಳಿಂದ ಬೈಸಿಕೊಂಡ.

ಸಿಪಾಯಿಗಳಿಗೆ ಬಿದ್ದ ಏಟು ಇನ್ನೂ ವಿಚಿತ್ರ. ಹೊರನಾಡಿನಲ್ಲಿ ಸೇವೆ ಮಾಡಿದರೆ ಹೆಚ್ಚಿನ ಬಾಟಾ ಎಂಬುದು ನಿಯಮ. 1843ರಲ್ಲಿ ಕಂಪನಿ ಸಿಂಧ್ ಪ್ರಾಂತ್ಯವನ್ನು ನುಂಗಿತು. ಅದು ಈಗ ನಮ್ಮದೇ ನಾಡು, ಹೊರನಾಡಲ್ಲ, ಹಾಗಾಗಿ ಆ ಬಾಟಾ ಇಲ್ಲ ಎಂದಿತು. ಅದೇ ಮರಳುಗಾಡು, ಅದೇ ಜ್ವರ, ಅದೇ ದೂರ. ಗೆದ್ದುಕೊಟ್ಟವರ ಜೇಬಿಗೇ ಕತ್ತರಿ! 1844ರಲ್ಲಿ ಸಿಂಧ್‌ಗೆ ಹೋಗಬೇಕಿದ್ದ ಕೆಲವು ಬಂಗಾಳದ ಪಡೆಗಳು ಹೊರಡಲು ಒಪ್ಪಲಿಲ್ಲ. ಪಂಜಾಬ್ ಕಂಪನಿ ಪಾಲಾದ ಮೇಲೆ ಅಲ್ಲೂ ಇದೇ ಗಲಾಟೆ.

ಸಂಬಳ ಅಂತ ಕೊಟ್ಟರೆ ಅದು ಹಕ್ಕು. ಭತ್ಯೆ, ಬಾಟಾ, ಇನಾಮು ಅಂತ ಕೊಟ್ಟರೆ ಬೇಕೆಂದಾಗ ನಿಲ್ಲಿಸಬಹುದು. ಕೊಡುವವರಿಗೆ ಇದು ಆಗಲೂ ಗೊತ್ತಿತ್ತು, ಈಗಲೂ ಗೊತ್ತಿದೆ.

ಕಾರ್ಖಾನೆಗಳು ಬಂದ ಮೇಲೆ ಲೆಕ್ಕ ಗಡಿಯಾರಕ್ಕೆ ಹೋಯಿತು. ಮೊದಮೊದಲ ಕಾನೂನುಗಳಲ್ಲಿ ಗಂಡಸರ ದುಡಿಮೆಗೆ ಮಿತಿಯೇ ಇರಲಿಲ್ಲ. 1911ರಲ್ಲಿ ಬಟ್ಟೆ ಗಿರಣಿಗಳಿಗೆ ದಿನಕ್ಕೆ 12 ಗಂಟೆಯ ಮಿತಿ ಬಂತು. 1922ರಲ್ಲಿ ಎಲ್ಲಾ ಕಾರ್ಖಾನೆಗಳಿಗೂ ವಾರಕ್ಕೆ 60 ಗಂಟೆ ಎಂದಾಯಿತು, ಅದರಾಚೆಗೆ ದುಡಿಸಿದರೆ ಕಾಲು ಪಾಲು ಹೆಚ್ಚು ಕೂಲಿ. 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಎರಡು ಪಟ್ಟು ಕೂಲಿ ಕೊಡಬೇಕು ಎಂದಿತು. ನಮ್ಮ ಬಾಯಲ್ಲಿರುವ 'ಓಟಿ' ಇದೇ. ಸರ್ಕಾರಿ ಕನ್ನಡದಲ್ಲಿ 'ಅಧಿಕಾವಧಿ ಕೆಲಸ' ಅಂತ ಬರೆಯುತ್ತಾರೆ, ಪೀಣ್ಯದಲ್ಲಿ ಯಾರೂ ಹಾಗನ್ನುವುದಿಲ್ಲ. "ಇವತ್ತು ಓಟಿ ಇದೆ" ಎಂದರೆ ಕೆಲಸ, "ಓಟಿ ಬಂತಾ?" ಎಂದರೆ ದುಡ್ಡು.

'ಸಿಂಗಲ್ ಓಟಿ' ಎಂಬ ಇನ್ನೊಂದು ಮಾತೂ ಚಾಲ್ತಿಯಲ್ಲಿದೆ. ಉದಾಹರಣೆಗೆ ತಿಂಗಳ ಸಂಬಳ 13,000 ರೂಪಾಯಿ ಅಂತ ಇಟ್ಟುಕೊಳ್ಳಿ. 26 ದಿನ, ದಿನಕ್ಕೆ 8 ಗಂಟೆ, ಒಟ್ಟು 208 ಗಂಟೆ. ಗಂಟೆಗೆ 62 ರೂಪಾಯಿ 50 ಪೈಸೆ ಬೀಳುತ್ತದೆ. ಕಾನೂನಿನ ಓಟಿ ಅದರ ಎರಡು ಪಟ್ಟು, 125. ಸಿಂಗಲ್ ಓಟಿ ಎಂದರೆ ಬರೀ 62.50. ಅಂದರೆ ಕಾನೂನಿನಲ್ಲಿ ಇಲ್ಲದ ವಸ್ತುವಿಗೆ ಒಂದು ಮರ್ಯಾದೆಯ ಹೆಸರು, ಅಷ್ಟೇ. ಗಾರ್ಮೆಂಟ್ಸ್‌ಗಳಲ್ಲಿ ಕೇಳಿಬರುವ 'ಟಾರ್ಗೆಟ್' ಇನ್ನೂ ಅಗ್ಗ: ಹೇಳಿದಷ್ಟು ಪೀಸ್ ಮುಗಿಸಿಲ್ಲ, ಅದಕ್ಕೇ ಕೂತಿದ್ದೀಯ, ಓಟಿ ಯಾಕೆ?

ಕೋವಿಡ್ ಸಮಯದಲ್ಲಿ ಗುಜರಾತ್ ಸರ್ಕಾರ ಸಿಂಗಲ್ ಓಟಿಯನ್ನೇ ಆದೇಶ ಮಾಡಿಬಿಟ್ಟಿತ್ತು. ದಿನಕ್ಕೆ 12 ಗಂಟೆ ದುಡಿಸಬಹುದು, ಹೆಚ್ಚಿನ ಗಂಟೆಗೆ ಮಾಮೂಲಿ ರೇಟು. 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಕರ್ನಾಟಕ ಕೂಡ ಅದೇ ವರ್ಷ ಮೇ ತಿಂಗಳಲ್ಲಿ ದಿನಕ್ಕೆ 10 ಗಂಟೆ ಎಂದು ಹೇಳಿ ಜೂನ್‌ನಲ್ಲಿ ಹಿಂದೆ ಸರಿದಿತ್ತು. 2023ರ ನಮ್ಮ ತಿದ್ದುಪಡಿ ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ ಮಿತಿಯನ್ನು ಹೆಚ್ಚುಕಡಿಮೆ ಎರಡು ಪಟ್ಟಿಗೆ ಏರಿಸಿತು. ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕು ಎಂಬ ಷರತ್ತಿದೆ. ಸೂಪರ್‌ವೈಸರ್ ಪೆನ್ನು ಹಿಡಿದು ಎದುರಿಗೆ ನಿಂತಾಗ ಎಷ್ಟು ಜನ 'ಒಪ್ಪಲ್ಲ' ಅಂತಾರೆ, ಹೇಳಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಎರಡು ಪಟ್ಟಿನ ನಿಯಮ ಉಳಿದಿದೆ.

ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರಿಗೆ ಓಟಿಯ ಮಾತಿರಲಿ, ಸಂಬಳ ಎಂಬ ಪದವೇ ಇಲ್ಲ. ಅವರಿಗೆ ಸಿಗುವುದು 'ಗೌರವಧನ', 'ಪ್ರೋತ್ಸಾಹಧನ'. ಕೇಳಲು ಎಷ್ಟು ಚೆಂದ ಅಲ್ವಾ? ಸಂಬಳ ಅಲ್ಲದ್ದರಿಂದ ಕನಿಷ್ಠ ಕೂಲಿಯ ಪ್ರಶ್ನೆ ಏಳುವುದಿಲ್ಲ, ಸಮೀಕ್ಷೆಯಂಥ ಹೆಚ್ಚಿನ ಕೆಲಸ ಹೇರಿದರೂ ಗಂಟೆ ಲೆಕ್ಕ ಕೇಳುವಂತಿಲ್ಲ. 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ಗುಜರಾತ್‌ನ ಅಂಗನವಾಡಿ ಕಾರ್ಯಕರ್ತೆಯರ ಪ್ರಕರಣದಲ್ಲಿ ಈ ಹೆಸರಿನ ಆಟ ಒಪ್ಪಲಿಲ್ಲ. ಗ್ರಾಚ್ಯುಟಿ (ಕೆಲಸ ಬಿಟ್ಟಾಗ ಸಿಗುವ ಇಡುಗಂಟು) ಕಾಯ್ದೆಯ ಮಟ್ಟಿಗೆ ಗೌರವಧನವೂ ವೇತನವೇ ಎಂದಿತು. ತೀರ್ಪು ಗ್ರಾಚ್ಯುಟಿಗೆ ಸೀಮಿತ, ಉಳಿದದ್ದೆಲ್ಲ ಹಾಗೇ ಇದೆ.

2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಆಶಾ ಕಾರ್ಯಕರ್ತೆಯರು ಹಗಲು-ರಾತ್ರಿ ಧರಣಿ ಕೂತರು. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ದಾಖಲಾಗದೆ ಪ್ರೋತ್ಸಾಹಧನ ಕೈತಪ್ಪುತ್ತಿದೆ ಎಂಬುದು ಅವರ ದೂರಾಗಿತ್ತು. ಎರಡು ಹೆಸರಿನ ದುಡ್ಡನ್ನೂ ಸೇರಿಸಿ ತಿಂಗಳಿಗೆ 15,000 ರೂಪಾಯಿ ಅಂತ ಒಂದೇ ಸಲ ಕೊಡಿ ಎಂಬುದು ಬೇಡಿಕೆಯಾಗಿತ್ತು.