ಕಾದಂಬರಿಯ ನಿರೂಪಕ ಸಿನಿಮಾದಲ್ಲಿ ಎಲ್ಲಿ ಹೋದ?

ಬಳ್ಳಾರಿ, ಕೊಪ್ಪಳ ಕಡೆ ಕನ್ನಡ ಎಂ.ಎ. ಓದುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ಕಾದಂಬರಿ–ಸಿನಿಮಾ ಹೋಲಿಕೆ ಅಂದರೆ ‘ಇದನ್ನು ಬಿಟ್ಟರು, ಅದನ್ನು ಸೇರಿಸಿದರು’ ಎಂಬ ಪಟ್ಟಿಯಲ್ಲ. ಪಟ್ಟಿ ಬೇಕು ನಿಜ, ಆದರೆ ಕೆಲಸ ಶುರುವಾಗುವುದು ಅದಾದ ಮೇಲೆ.

ಮೂಲ ಯಾವುದು?

ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ತ.ರಾ.ಸು. ಅವರ ಮೂರು ಕಾದಂಬರಿಗಳಿಂದ ಬಂದದ್ದು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಮೊದಲನೆಯದನ್ನಷ್ಟೇ ಓದಿದರೆ ಉಳಿದೆರಡರ ಸರಕೆಲ್ಲ ನಿರ್ದೇಶಕರ ಕಲ್ಪನೆ ಅನ್ನಿಸಿಬಿಡುತ್ತದೆ. ಹೆಸರೂ ದಾರಿ ತಪ್ಪಿಸೀತು. ಕುಂ.ವೀ. (ಕುಂ. ವೀರಭದ್ರಪ್ಪ) ಅವರ ‘ಬೇಟೆ’ ತೆರೆಗೆ ಬಂದದ್ದು ‘ಮನ ಮೆಚ್ಚಿದ ಹುಡುಗಿ’ ಆಗಿ.

ಎಲ್ಲರೂ ಎಡವುವ ಜಾಗ

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ 1965ರದು, ಪಟ್ಟಾಭಿರಾಮ ರೆಡ್ಡಿಯವರ ಸಿನಿಮಾ 1970ರದು. ಅಗ್ರಹಾರದ ಕಟ್ಟಳೆ ಮುರಿದು ಬಾಳಿದ ನಾರಣಪ್ಪನ ಶವಕ್ಕೆ ಯಾರು ಸಂಸ್ಕಾರ ಮಾಡಬೇಕು ಎಂಬ ಜಗಳ ಹೊರಗೆ ನಡೆಯುವಂಥದ್ದು, ಕ್ಯಾಮೆರಾಕ್ಕೆ ಸಲೀಸು. ಕೊನೆಯ ಭಾಗ ಹಾಗಲ್ಲ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಊರು ಬಿಟ್ಟು ಅಲೆಯುತ್ತಾರೆ, ದಾರಿಯಲ್ಲಿ ಜೊತೆಯಾದ ಪುಟ್ಟ ಎಂಬವನು ಬೆನ್ನು ಬಿಡುವುದಿಲ್ಲ, ಆದರೆ ನಿಜವಾದ ಕಥೆ ಪುಟಗಟ್ಟಲೆ ಆಚಾರ್ಯರ ತಲೆಯೊಳಗೆ ನಡೆಯುತ್ತದೆ. ವಾಕ್ಯ ಹೇಳುವವನು ನಿರೂಪಕ, ಅದರೊಳಗಿನ ಭಯ ಆಚಾರ್ಯರದು.

ಇಂಥದ್ದನ್ನು ತೆರೆಗೆ ತರಲು ಮುಖ್ಯವಾಗಿ ಮೂರು ದಾರಿ, ಮೂರಕ್ಕೂ ಬೆಲೆ ತೆರಬೇಕು. ಹಿನ್ನೆಲೆ ಧ್ವನಿ ಇಟ್ಟರೆ ಮಾತು ಉಳಿಯುತ್ತದೆ, ಚಿತ್ರ ಸುಮ್ಮನೆ ಕೂರುವ ಅಪಾಯವಿದೆ. ಸಂಭಾಷಣೆ ಮಾಡಿದರೆ ಗುಟ್ಟು ಇನ್ನೊಬ್ಬರ ಕಿವಿಗೆ ಬಿದ್ದು ಗುಟ್ಟಾಗಿ ಉಳಿಯುವುದಿಲ್ಲ. ಮುಖ, ಜಾಗ, ಸದ್ದುಗಳಿಗೆ ಬಿಟ್ಟರೆ ಸಂಕಟ ದಾಟುತ್ತದೆ, ತರ್ಕ ದಾಟುವುದಿಲ್ಲ.

ಗೊಂದಲ ಹುಟ್ಟುವುದು ಇಲ್ಲೇ. ಮುಖವನ್ನು ಹತ್ತಿರದಿಂದ ತೋರಿಸಿದ ಮಾತ್ರಕ್ಕೆ ಅದು ಆ ಪಾತ್ರದ ದೃಷ್ಟಿಕೋನ ಆಗುವುದಿಲ್ಲ. ಆಗ ನಾವು ಪಾತ್ರವನ್ನು ನೋಡುತ್ತಿದ್ದೇವೆ, ಪಾತ್ರದ ಕಣ್ಣಿನಿಂದ ನೋಡುತ್ತಿಲ್ಲ. ಮುಂದಿನ ಶಾಟ್‌ನಲ್ಲಿ ಅವರು ಕಂಡದ್ದು ನಮಗೂ ಕಂಡರೆ ದೃಷ್ಟಿ ಅವರದು. ಜೊತೆಗೆ ಕೇಳಬೇಕಾದ ಪ್ರಶ್ನೆ: ಪಾತ್ರಕ್ಕೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆಯೇ? ನಾರಣಪ್ಪನ ಜೊತೆ ಬಾಳಿದ ಚಂದ್ರಿ ರಾತ್ರೋರಾತ್ರಿ ಅವನ ಶವ ಸುಡಿಸಿದ್ದು ಕಾದಂಬರಿಯ ಓದುಗನಿಗೆ ಗೊತ್ತು, ಆಚಾರ್ಯರಿಗೆ ಗೊತ್ತಿಲ್ಲ. ಅವರ ಅಲೆದಾಟದ ಉದ್ದಕ್ಕೂ ನಮ್ಮನ್ನು ಕಾಡುವುದು ಈ ಅಂತರವೇ. ಸಿನಿಮಾ ಇದನ್ನು ಯಾವಾಗ, ಯಾರ ಪಕ್ಕ ನಿಂತು ತಿಳಿಸುತ್ತದೆ ಎಂದು ಗುರುತು ಹಾಕಿಕೊಳ್ಳಿ.

ಕುಂ.ವೀ. ಕೃತಿಗಳಿಗೆ ಬಂದರೆ ಇದೇ ಸಮಸ್ಯೆಗೆ ಇನ್ನೊಂದು ಮುಖ. ಅಲ್ಲಿ ನಿರೂಪಣೆಗೇ ನಮ್ಮ ಸೀಮೆಯ ಮಾತಿನ ವರಸೆ ಇದೆ. ಹಿನ್ನೆಲೆ ಧ್ವನಿ ಇಲ್ಲದ ಸಿನಿಮಾದಲ್ಲಿ ಆ ಭಾಷೆಯನ್ನು ಬರೀ ಸಂಭಾಷಣೆಯೇ ಹೊರಬೇಕು. ಪಾತ್ರಗಳ ಬಾಯಲ್ಲಿ ಬೆಂಗಳೂರು ಕನ್ನಡ ಇಟ್ಟರೆ ನಿರೂಪಕ ಪೂರ್ತಿ ಮಾಯ. ನನ್ನ ಮಟ್ಟಿಗೆ ಘಟನೆಗಳನ್ನು ಕತ್ತರಿಸುವುದಕ್ಕಿಂತ ಇದು ದೊಡ್ಡ ನಷ್ಟ.

ಒಂದೇ ದೃಶ್ಯ ಸಾಕು

ಇಡೀ ಸಿನಿಮಾ ಹೋಲಿಸಲು ಹೋದರೆ ಉತ್ತರ ಕಥಾಸಾರವಾಗಿ ಬಿಡುತ್ತದೆ. ಒಂದು ದೃಶ್ಯ ಹಿಡಿದು ಮೂರು ಕಾಲಂ ಹಾಕಿ: ಎಷ್ಟು ಪುಟ, ಎಷ್ಟು ನಿಮಿಷ, ಯಾರಿಗೆ ಏನು ಗೊತ್ತು. ಶಿವರಾಮ ಕಾರಂತರ ಕಾದಂಬರಿ ‘ಚೋಮನ ದುಡಿ’ ಇದಕ್ಕೆ ಒಳ್ಳೆಯದು. ಚೋಮ ದುಡಿ ಬಾರಿಸಿದ ಎಂಬುದನ್ನು ಓದಲು ಕ್ಷಣ ಸಾಕು. ಬಿ.ವಿ. ಕಾರಂತರ ಸಿನಿಮಾದಲ್ಲಿ (1975) ಅದು ಸದ್ದು, ಅದನ್ನು ಕೇಳುತ್ತಾ ಕೂರಬೇಕು. ಅರ್ಧ ಪುಟ ಮೂರು ನಿಮಿಷಕ್ಕೆ ಹಿಗ್ಗಿದ್ದರೆ, ಹತ್ತು ಪುಟ ಇಪ್ಪತ್ತು ಸೆಕೆಂಡಿಗೆ ಕುಗ್ಗಿದ್ದರೆ, ನಿಮ್ಮ ವಾದ ಅಲ್ಲಿಂದಲೇ ಶುರು.

ಸಣ್ಣಕಥೆಯಾದರೆ ಲೆಕ್ಕ ತಿರುಗಾಮುರುಗಾ. ಕುಂ.ವೀ. ಕಥೆ ಆಧರಿಸಿದ ಕಾಸರವಳ್ಳಿಯವರ ‘ಕೂರ್ಮಾವತಾರ’ದಲ್ಲಿ ಏನು ಬಿಟ್ಟರು ಎಂದು ಹುಡುಕುವುದಕ್ಕಿಂತ ಏನನ್ನು ಬೆಳೆಸಿದರು, ಅದರ ಬೀಜ ಕಥೆಯ ಯಾವ ಸಾಲಿನಲ್ಲಿತ್ತು ಎಂದು ನೋಡಿ, ಆ ಸಾಲನ್ನು ಪುಟಸಂಖ್ಯೆ ಸಮೇತ ಉತ್ತರದಲ್ಲಿ ಕೊಡಿ.