ಪದ ಪರಿಚಯ: ಓಪನ್ ಸೋರ್ಸ್ ಫೋನ್

ತುಮಕೂರಿನ ಎಂ.ಜಿ. ರಸ್ತೆಯ ಯಾವ ಮೊಬೈಲ್ ಅಂಗಡಿಗೆ ಹೋದರೂ ಒಂದೇ ಮಾತು: "ಆಂಡ್ರಾಯ್ಡ್ ತಗೊಳ್ಳಿ ಸಾರ್, ಓಪನ್ ಸೋರ್ಸು, ಏನ್ ಬೇಕಾದ್ರೂ ಹಾಕ್ಕೋಬಹುದು." ಈ ಮಾತು ಅರ್ಧ ಮಾತ್ರ ನಿಜ, ಗಿರಾಕಿಗೆ ಬೇಕಾದ ಅರ್ಧವಲ್ಲ.

ಆಂಡ್ರಾಯ್ಡ್‌ನ ಬುಡ ಓಪನ್ ಸೋರ್ಸ್ ಹೌದು, ಎಂದರೆ ಅದರ ಕೋಡನ್ನು ಯಾರು ಬೇಕಾದರೂ ಓದಿ ತಿದ್ದಬಹುದು. ಎಒಎಸ್‌ಪಿ (ಆಂಡ್ರಾಯ್ಡ್ ಓಪನ್ ಸೋರ್ಸ್ ಪ್ರಾಜೆಕ್ಟ್) ಹೆಸರಿನಲ್ಲಿ ಗೂಗಲ್ ಅದರ ಮೂಲ ಕೋಡ್ ಹೊರಬಿಡುತ್ತದೆ. ಅದರ ಮೇಲೆ ಕೂತಿರುವ ಪ್ಲೇ ಸ್ಟೋರ್, ಪ್ಲೇ ಸರ್ವೀಸಸ್, ತಯಾರಕರು ತುರುಕಿದ ಆ್ಯಪ್‌ಗಳ ಕೋಡ್ ಮಾತ್ರ ನಮಗೆ ಕಾಣುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅಂಥ ಒಂದು ಆ್ಯಪ್ ತೆರೆದು ನೋಡಿ: 'ಅನ್‌ಇನ್‌ಸ್ಟಾಲ್' ಇರಬೇಕಾದ ಕಡೆ ಎಷ್ಟೋ ಸಲ 'ಡಿಸೇಬಲ್' ಇರುತ್ತದೆ, ಕೆಲವಕ್ಕೆ ಅದೂ ಮಂಕಾಗಿರುತ್ತದೆ.

ಓಪನ್ ಸೋರ್ಸ್ ಎಂದರೆ 'ಉಚಿತ' ಎಂಬ ಗೊಂದಲ ಇನ್ನೂ ಹಳೆಯದು. 1983ರಲ್ಲಿ ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್, ಎಲ್ಲರೂ ತಿದ್ದಿ ಹಂಚಬಹುದಾದ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಗ್ನೂ ಯೋಜನೆ ಘೋಷಿಸಿದಾಗ ಬಳಸಿದ್ದು 'ಫ್ರೀ' ಎಂಬ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಸ್ವತಂತ್ರ, ಪುಕ್ಕಟೆ ಎರಡೂ ಅರ್ಥ. 1998ರ ಜನವರಿಯಲ್ಲಿ ನೆಟ್‌ಸ್ಕೇಪ್ ತನ್ನ ಬ್ರೌಸರ್ ಕೋಡನ್ನು ಬಿಡುಗಡೆ ಮಾಡುವುದಾಗಿ ಹೇಳಿತು. ಮರುತಿಂಗಳೇ, 'ಫ್ರೀ' ಪದದ ಈ ಗೊಂದಲ ತಪ್ಪಿಸಲು ತಂತ್ರಜ್ಞಾನ ಚಿಂತಕಿ ಕ್ರಿಸ್ಟೀನ್ ಪೀಟರ್ಸನ್ ಸೂಚಿಸಿದ 'ಓಪನ್ ಸೋರ್ಸ್' ಚಾಲ್ತಿಗೆ ಬಂತು. ನಮಗೆ ಈ ತೊಡಕೇ ಇಲ್ಲ, 'ಮುಕ್ತ' ಬೇರೆ, 'ಉಚಿತ' ಬೇರೆ. ಹಾಗಿದ್ದೂ 'ಉಚಿತ ತಂತ್ರಾಂಶ' ಎಂದು ಬರೆಯುವವರು ಇಂಗ್ಲಿಷಿನ ತಲೆನೋವನ್ನು ಸುಮ್ಮನೆ ಕನ್ನಡಕ್ಕೆ ಅಂಟಿಸುತ್ತಿದ್ದಾರೆ. ಕೋಡನ್ನು ಓದುವ, ತಿದ್ದುವ, ತಿದ್ದಿದ್ದನ್ನು ಹಂಚುವ ಹಕ್ಕಿದ್ದರೆ ಅದು ಮುಕ್ತ. ದುಡ್ಡು ಕೊಟ್ಟು ಕೊಂಡದ್ದಾದರೂ ಸರಿ.

'ಅನ್‌ಲಾಕ್' ಪದದ ಪಾಡೂ ಇದೇ. ಮರೆತ ಪ್ಯಾಟರ್ನ್ ತೆಗೆಸುವುದು, ಕಂತು ಕಟ್ಟದೆ ಲಾಕ್ ಆದ ಫೋನ್ ಬಿಡಿಸುವುದು, ಎರಡಕ್ಕೂ ಅಂಗಡಿಯಲ್ಲಿ ಇದೇ ಪದ. ಇಲ್ಲಿ ಲೆಕ್ಕಕ್ಕೆ ಬರುವುದು ಬೂಟ್‌ಲೋಡರ್ ಲಾಕ್. ಫೋನ್ ಆನ್ ಮಾಡಿದಾಗ ಆರಂಭದಲ್ಲೇ ಓಡುವ ಬೂಟ್‌ಲೋಡರ್, ತಯಾರಕರ ಡಿಜಿಟಲ್ ಸಹಿ ಇಲ್ಲದ ಸಿಸ್ಟಮನ್ನು ಒಳಗೆ ಬಿಡುವುದಿಲ್ಲ. ಅದನ್ನು ತೆರೆಯಲು ತಯಾರಕರು ಅವಕಾಶ ಕೊಡದಿದ್ದರೆ, ಎಒಎಸ್‌ಪಿ ಎಷ್ಟೇ ಮುಕ್ತವಾಗಿದ್ದರೂ ನಿಮ್ಮ ಕೈಲಿರುವ ಫೋನ್ ಮುಚ್ಚಿದ್ದೇ.

ಹಾಗಾಗಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು ಬೂಟ್‌ಲೋಡರ್ ತೆರೆಯಲು ಬರುತ್ತದೆಯೇ ಎಂದು ವಿಚಾರಿಸಿ. ಎಒಎಸ್‌ಪಿಯಿಂದ ಕಟ್ಟಿದ ಬದಲಿ ಸಿಸ್ಟಮ್ ಲಿನಿಯೇಜ್‌ಓಎಸ್ ಬೇಕಿದ್ದರೆ ಅದರ ಪಟ್ಟಿಯಲ್ಲಿ ನಿಮ್ಮದೇ ಮಾಡೆಲ್ ಇದೆಯೇ ನೋಡಿ. ಒಂದೇ ಹೆಸರಿನ 4ಜಿ, 5ಜಿ ಫೋನ್‌ಗಳು ಒಳಗೆ ಬೇರೆ ಬೇರೆ ಇರುತ್ತವೆ. ಗೂಗಲ್‌ನ ಪಿಕ್ಸೆಲ್ ಫೋನಿಗೆ, ಸುರಕ್ಷತೆಗೆ ಒತ್ತು ಕೊಡುವ ಇಂಥದೇ ಸಿಸ್ಟಮ್ ಗ್ರಾಫೀನ್‌ಓಎಸ್ ಹಾಕಿದ ಮೇಲೆ ಬೂಟ್‌ಲೋಡರನ್ನು ಮತ್ತೆ ಲಾಕ್ ಮಾಡಬಹುದು, ಸುರಕ್ಷತೆಯ ದೃಷ್ಟಿಯಿಂದ ನನ್ನ ಮತ ಅದಕ್ಕೇ. ಬೂಟ್‌ಲೋಡರ್ ತೆರೆದರೆ ಫೋನಿನಲ್ಲಿದ್ದ ಡೇಟಾ ಪೂರ್ತಿ ಅಳಿಸಿಹೋಗುತ್ತದೆ, ಮೊದಲೇ ಬ್ಯಾಕಪ್ ತೆಗೆದಿಡಿ. ಕೆಲವು ಬ್ಯಾಂಕ್ ಆ್ಯಪ್‌ಗಳು ಆಮೇಲೆ ಓಡುವುದಿಲ್ಲ ಎಂದು ಹಠ ಹಿಡಿಯುತ್ತವೆ. ಇಷ್ಟಾದರೂ ಮೊಬೈಲ್ ನೆಟ್‌ವರ್ಕ್‌ಗೆ ಸಂಪರ್ಕ ಕೊಡಿಸುವ ಮೋಡೆಮ್‌ನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಮಾತ್ರ ಮುಚ್ಚಿದ್ದೇ ಇರುತ್ತದೆ.