ಹುಳಿ ಬಂದ ಹಿಟ್ಟು, ಜೀವ ಇರುವ ಮೊಸರು

ಇಡ್ಲಿ ಹಿಟ್ಟಿಗೆ ನಾವು ಹೆಪ್ಪು ಹಾಕುವುದಿಲ್ಲ, ಅಲ್ವಾ? ಉದ್ದು, ಅಕ್ಕಿ ರುಬ್ಬಿ, ಉಪ್ಪು ಬೆರೆಸಿ ಸುಮ್ನೆ ಮುಚ್ಚಿಡುತ್ತೇವೆ. ಬೆಳಿಗ್ಗೆ ನೋಡಿದರೆ ಪಾತ್ರೆಯ ಅಂಚಿನವರೆಗೂ ಉಕ್ಕಿರುತ್ತದೆ. ಉಬ್ಬಿಸಿದ್ದು ಕಾಳಿನ ಜೊತೆಯಲ್ಲೇ ಬಂದ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾ. ಅವುಗಳಲ್ಲಿ ಮುಖ್ಯವಾದದ್ದು ಲ್ಯೂಕೋನೋಸ್ಟಾಕ್ ಮೆಸೆಂಟೆರಾಯ್ಡಿಸ್. ಹಿಟ್ಟಿನ ಸಕ್ಕರೆ ತಿಂದು ಆಮ್ಲ ಬಿಡುತ್ತದೆ, ಹುಳಿ ಬರುತ್ತದೆ. ಜೊತೆಗೆ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಆ ಗಾಳಿಯನ್ನು ಹಿಡಿದಿಡುವುದು ಉದ್ದಿನ ಲೋಳೆ. ಉದ್ದು ತೀರಾ ಕಡಿಮೆಯಾದರೆ ಇಡ್ಲಿ ಕಲ್ಲಾಗುವುದು ಅದಕ್ಕೇ.

ಹಬೆಯಲ್ಲಿ ಬೆಂದಾಗ ಈ ಬ್ಯಾಕ್ಟೀರಿಯಾ ಸಾಯುತ್ತವೆ. ಆದರೆ ರಾತ್ರಿಯಿಡೀ ಮಾಡಿದ ಕೆಲಸ ಉಳಿಯುತ್ತದೆ. ಕಾಳಿನಲ್ಲಿರುವ ಫೈಟಿಕ್ ಆಮ್ಲ ಕಬ್ಬಿಣ, ಸತುವನ್ನು ನಮ್ಮ ಮೈಗೆ ಸುಲಭವಾಗಿ ಸಿಗದಂತೆ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಹಿಟ್ಟು ಹುಳಿ ಬಂದಾಗ ಅದು ಕಡಿಮೆಯಾಗುತ್ತದೆ.

ಮೊಸರಿನ ವಿಷಯ ಬೇರೆ. ಅಲ್ಲಿ ಬ್ಯಾಕ್ಟೀರಿಯಾ ಜೀವಂತವಾಗಿಯೇ ಹೊಟ್ಟೆಗೆ ಹೋಗುತ್ತವೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಎಷ್ಟೋ ಜನರಿಗೆ ಮೊಸರು ಒಗ್ಗುತ್ತದೆ. ಹಾಲಿನ ಸಕ್ಕರೆ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಅವರ ಕರುಳಿನಲ್ಲಿ ಸಾಲದು. ಹೆಪ್ಪುಗಟ್ಟುವಾಗ ಸ್ವಲ್ಪ ಲ್ಯಾಕ್ಟೋಸ್ ಖರ್ಚಾಗುತ್ತದೆ, ಎಲ್ಲವೂ ಅಲ್ಲ. ಉಳಿದದ್ದಕ್ಕೆ ಬೇಕಾದ ಕಿಣ್ವವನ್ನು ಬ್ಯಾಕ್ಟೀರಿಯಾ ತಮ್ಮೊಳಗೇ ಹೊತ್ತು ತರುತ್ತವೆ. ಕರುಳಿನಲ್ಲಿ ಪಿತ್ತರಸ ತಗುಲಿ ಅವುಗಳ ಕೋಶ ಸಡಿಲವಾದಾಗ ಆ ಕಿಣ್ವ ನಮ್ಮ ಊಟದ ಮೇಲೆ ಕೆಲಸ ಮಾಡುತ್ತದೆ. ನನಗಂತೂ ಇದು ತುಂಬಾ ಸೊಗಸಾದ ಸಹಾಯ ಅನ್ನಿಸುತ್ತದೆ. ಮಜ್ಜಿಗೆ ಹುಳಿ ಕುದಿಸಿದರೆ ಈ ಲಾಭ ಇಲ್ಲ. ಅನ್ನಕ್ಕೆ ಕಲಸಿಕೊಂಡ ಮಜ್ಜಿಗೆಯಲ್ಲಿ ಇದೆ.

ಮೊಸರನ್ನು ಕಾಯುವುದೂ ಹುಳಿಯೇ. ಹುಳಿಯನ್ನು ಪಿಎಚ್‌ನಲ್ಲಿ ಅಳೆಯುತ್ತಾರೆ, ಅದು ಇಳಿದಷ್ಟೂ ಹುಳಿ ಹೆಚ್ಚು. ಪಿಎಚ್ 4.6ಕ್ಕಿಂತ ಇಳಿದರೆ ಬಾಟ್ಯುಲಿಸಂ ಎಂಬ, ಜೀವಕ್ಕೇ ಅಪಾಯವಾದ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಲಾರದು. ಬೂಷ್ಟು ಮಾತ್ರ ಹುಳಿಗೆ ಹೆದರುವುದಿಲ್ಲ. ಮೊಸರಿನ ಮೇಲೆ ಹಸಿರು, ಗುಲಾಬಿ ಕಲೆ ಕಂಡರೆ ಮೇಲಿನದನ್ನು ತೆಗೆದು ಉಳಿದದ್ದನ್ನು ತಿನ್ನಬೇಡಿ. ಎಲ್ಲವನ್ನೂ ಚೆಲ್ಲಿ.

ಇಷ್ಟೊಂದು ಒಳ್ಳೆಯದಾದರೆ ಕಾಯಿಲೆ ಬಿದ್ದವರಿಗೆ ಜಾಸ್ತಿ ಕೊಡಬಹುದಲ್ಲ ಅನ್ನಿಸುತ್ತದೆ. ನೆದರ್ಲೆಂಡ್ಸ್‌ನ ವೈದ್ಯರಿಗೂ ಆ ಆಸೆ ಇತ್ತು. ಮೇದೋಜೀರಕ ಗ್ರಂಥಿ ತೀವ್ರವಾಗಿ ಊದಿಕೊಂಡಿದ್ದ ರೋಗಿಗಳ ಕರುಳಿಗೆ ಕೊಳವೆಯ ಮೂಲಕ ಆರು ಬಗೆಯ ಪ್ರೋಬಯಾಟಿಕ್, ಅಂದರೆ ಮೈಗೆ ಒಳ್ಳೆಯದೆಂದು ಕೊಡುವ ಜೀವಂತ ಬ್ಯಾಕ್ಟೀರಿಯಾ ಕೊಟ್ಟು ನೋಡಿದರು. 2008ರಲ್ಲಿ ಫಲಿತಾಂಶ ಹೊರಬಂತು. ಬ್ಯಾಕ್ಟೀರಿಯಾ ಪಡೆದ 152 ಜನರಲ್ಲಿ 24 ಮಂದಿ ತೀರಿಕೊಂಡಿದ್ದರು. ಪಡೆಯದ 144 ಜನರಲ್ಲಿ ತೀರಿಕೊಂಡವರು 9. ಸೋಂಕೂ ಕಡಿಮೆಯಾಗಿರಲಿಲ್ಲ.

ಇದನ್ನು ಓದಿ ಮನೆಯ ಮೊಸರಿಗೆ ಯಾರೂ ಹೆದರಬೇಕಿಲ್ಲ. ತೀವ್ರ ಕಾಯಿಲೆಯವರ ಕರುಳಿಗೆ ಕೊಳವೆಯಲ್ಲಿ ಸುರಿದ ಬ್ಯಾಕ್ಟೀರಿಯಾಕ್ಕೂ ಊಟದ ಬಟ್ಟಲಿಗೂ ಬಹಳ ಅಂತರವಿದೆ. ಆದರೆ ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಳ್ಳುತ್ತಿರುವವರು, ಅಂಗ ಕಸಿ ಮಾಡಿಸಿಕೊಂಡವರು, ತಿಂಗಳು ತುಂಬುವ ಮೊದಲೇ ಹುಟ್ಟಿದ ಹಸುಗೂಸು, ಇವರಿಗೆ ಪ್ರೋಬಯಾಟಿಕ್ ಮಾತ್ರೆ, ಪುಡಿಯನ್ನು ಅಂಗಡಿಯಿಂದ ನಾವೇ ತಂದು ಕೊಡುವುದು ಬೇಡ. ಅಪರೂಪಕ್ಕೆ ಈ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತವೆ. ಅದನ್ನು ತಡೆಯುವಷ್ಟು ಶಕ್ತಿ ಇಂಥವರ ಮೈಯಲ್ಲಿ ಇರದೇ ಹೋಗಬಹುದು.